ದಟ್ಟ ಕೂದಲು, ಭುಜದುದ್ದ: ಬೆಳೆಸುವ ದಿನಗಳಲ್ಲಿ ತುರುಬು ನಿಲ್ಲುವುದು ಹೇಗೆ?

ಪ್ರಶ್ನೆ: ಒಂದು ವರ್ಷದ ಹಿಂದೆ ಕೂದಲನ್ನು ಗಲ್ಲದವರೆಗೆ ಕತ್ತರಿಸಿಕೊಂಡಿದ್ದೆ. ಈಗ ಬೆಳೆಸುತ್ತಿದ್ದೇನೆ. ಭುಜ ದಾಟಿ ಎರಡು ಇಂಚು ಬಂದಿದೆ. ನನ್ನ ಕೂದಲು ತುಂಬಾ ದಟ್ಟ. ಬಿಟ್ಟರೆ ಕತ್ತೆಲ್ಲ ಬೆವರು, ಕಟ್ಟಿದರೆ ನಿಲ್ಲುವುದಿಲ್ಲ. ತುರುಬು ಹಾಕಿದರೆ ಒಂದು ಗಂಟೆಯಲ್ಲಿ ಜಾರುತ್ತದೆ. ಕತ್ತಿನ ಹತ್ತಿರದ ಗಿಡ್ಡ ಕೂದಲು ಇಳಿದು ಬೀಳುತ್ತದೆ. ಬಿಗಿಯಾಗಿ ಕಟ್ಟಿದರೆ ಸಂಜೆಗೆ ತಲೆನೋವು. ಮುಂದಿನ ತಿಂಗಳು ಒಂದು ಸಮಾರಂಭವಿದೆ, ಇಡೀ ದಿನ ಓಡಾಟ. ಪಾರ್ಲರ್‌ನಲ್ಲಿ ಕೂದಲು ತೆಳು ಮಾಡಿಸಿ ಎನ್ನುತ್ತಾರೆ. ಮಾಡಿಸಲೇ? ಇಲ್ಲ, ಮತ್ತೆ ಗಿಡ್ಡ ಮಾಡಿಸಿಬಿಡಲೇ?

ಉತ್ತರ: ಎರಡೂ ಬೇಡ. ಒಂದು ವರ್ಷ ಕಾದಿದ್ದೀರಿ. ಬೆಳೆಸುವವರಿಗೆ ಅತಿ ಕಷ್ಟದ ಉದ್ದ ಇದೇ, ಇದನ್ನು ದಾಟುವ ಹೊತ್ತಿಗೆ ಬಹಳ ಜನ ಕೈಚೆಲ್ಲಿ ಕತ್ತರಿ ಹಾಕಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ನೀವು ಬರೆದ ತೊಂದರೆಗಳೆಲ್ಲದರ ಬೇರು ಒಂದೇ. ಇಡೀ ಕೂದಲನ್ನು ಒಂದೇ ಹಿಡಿಯಲ್ಲಿ ಹಿಡಿದು ಒಂದೇ ಜಾಗದಲ್ಲಿ ಗಂಟು ಹಾಕುತ್ತಿದ್ದೀರಿ. ಸೊಂಟದುದ್ದ ಕೂದಲಿಗೆ ಅದು ಸರಿ. ಅಲ್ಲಿ ಉದ್ದವೇ ಮೂರ್ನಾಲ್ಕು ಸುತ್ತು ಸುತ್ತಿಕೊಂಡು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ತೆಳು ಕೂದಲಿಗೂ ಸರಿ, ಒಂದೆರಡು ಪಿನ್ ಸಾಕು. ನಿಮ್ಮದರಲ್ಲಿ ಸುತ್ತಲು ಉದ್ದ ಸಾಲದು, ಪಿನ್ ಹಿಡಿಯಲು ದಪ್ಪ ಜಾಸ್ತಿ. ಹಾಗಾಗಿ ಭಾರವನ್ನೆಲ್ಲ ರಬ್ಬರ್ ಬ್ಯಾಂಡ್ ಒಂದೇ ಹೊರುತ್ತಿದೆ. ಅದು ಸಡಿಲವಾದರೆ ತುರುಬು ಜಾರುತ್ತದೆ, ಬಿಗಿಯಾದರೆ ತಲೆ ನೋಯುತ್ತದೆ.

ದಾರಿ ಇಷ್ಟೇ: ಮೊದಲು ಕೂದಲನ್ನು ಪಾಲು ಮಾಡಿ, ಆಮೇಲೆ ಕಟ್ಟಿ. ಭಾರ ಎರಡು ಮೂರು ಕಡೆ ಹಂಚಿಹೋಗಲಿ. ಕೆಳಗೆ ನಾನು ಹೇಳುವ ಎಲ್ಲ ಕಟ್ಟುಗಳೂ ಇದೇ ಒಂದು ಮಾತಿನ ಮೇಲೆ ನಿಂತಿವೆ.

ಅದಕ್ಕೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ‘ದಟ್ಟ’ ಅಂದಾಗ ನಾವು ಎರಡು ಬೇರೆ ಬೇರೆ ಗುಣಗಳನ್ನು ಬೆರೆಸಿಬಿಡುತ್ತೇವೆ. ಒಂದೊಂದು ಎಳೆಯೂ ದಪ್ಪ ಇರಬಹುದು, ಅಥವಾ ಎಳೆ ನವಿರಾಗಿದ್ದು ಸಂಖ್ಯೆ ಜಾಸ್ತಿ ಇರಬಹುದು. ಒಂದು ಕೂದಲನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ. ಹೊಲಿಗೆ ದಾರದ ಹಾಗೆ ಸ್ಪಷ್ಟವಾಗಿ ಕೈಗೆ ಸಿಕ್ಕರೆ ಎಳೆಯೇ ದಪ್ಪ. ಅಂಥದ್ದು ಬಾಗಲು ಒಪ್ಪುವುದಿಲ್ಲ, ಪಿನ್ನನ್ನು ಹೊರಗೆ ತಳ್ಳುತ್ತದೆ. ಅದಕ್ಕೆ ಹೆಣೆದ ಕಟ್ಟುಗಳೇ ವಾಸಿ. ಇದೆಯೋ ಇಲ್ಲವೋ ಅನ್ನುವ ಹಾಗಿದ್ದರೆ ಎಳೆ ನವಿರು, ಸಂಖ್ಯೆ ಜಾಸ್ತಿ. ಅದು ಬಾಗುತ್ತದೆ, ಆದರೆ ರೇಷ್ಮೆಯ ಹಾಗೆ ಜಾರುತ್ತದೆ. ಅದಕ್ಕೆ ಹೊಸೆದು ಸುತ್ತುವ ಕಟ್ಟು ಚೆನ್ನ, ಜೊತೆಗೆ ಪಿನ್ ಕಚ್ಚಿಕೊಳ್ಳುವಂತೆ ಏನಾದರೂ ಬೇಕು. ಎರಡೂ ಸೇರಿದ ತಲೆಗಳೂ ಇವೆ, ಅವರಿಗೆ ತಾಳ್ಮೆ ಸ್ವಲ್ಪ ಹೆಚ್ಚು ಬೇಕು. ಎಲ್ಲ ಕೂದಲನ್ನೂ ಹಿಂದಕ್ಕೆ ಕಟ್ಟಿ, ಕಟ್ಟಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದಾಗ ನಾಲ್ಕು ಇಂಚಿಗಿಂತ ಜಾಸ್ತಿ ಬಂದರೆ ನಿಮ್ಮದು ನಿಜಕ್ಕೂ ದಟ್ಟ ಕೂದಲು.

ಇನ್ನು ಪಿನ್ನಿನ ಮಾತು. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಅರ್ಧ ಕೆಲಸ ಇಲ್ಲೇ ಇದೆ. ಒಮ್ಮೆ ಒಬ್ಬ ಹುಡುಗಿ ನನ್ನ ಮುಂದೆ ಕೂತಾಗ ಅವಳ ತುರುಬಿನಿಂದ 28 ಪಿನ್ ತೆಗೆದೆ. ಆದರೂ ತುರುಬು ಅಲ್ಲಾಡುತ್ತಿತ್ತು. ಅಷ್ಟೂ ಪಿನ್ನುಗಳು ತುರುಬನ್ನು ತುರುಬಿಗೇ ಸಿಕ್ಕಿಸಿದ್ದವು, ತಲೆಯ ಕೂದಲಿಗೆ ಒಂದೂ ತಾಗಿರಲಿಲ್ಲ. ಅದೇ ಕೂದಲನ್ನು ಆರು ಯು ಪಿನ್ನಿನಲ್ಲಿ ನಿಲ್ಲಿಸಿದೆ.

ದಟ್ಟ ಕೂದಲಿಗೆ ಬೇಕಾದ್ದು ಯು ಆಕಾರದ, ಎರಡೂವರೆಯಿಂದ ಮೂರು ಇಂಚು ಉದ್ದದ, ಬಾಗದ ಪಿನ್. ತೆಳುವಾದದ್ದು ನಿಮ್ಮ ಕೂದಲಿನೊಳಗೆ ಬಾಯಿ ಬಿಟ್ಟುಬಿಡುತ್ತದೆ. ಹಾಕುವ ಕ್ರಮ ಹೀಗೆ. ಪಿನ್ನನ್ನು ತುರುಬಿನ ಅಂಚಿನಲ್ಲಿ ನೆಟ್ಟಗೆ, ತಲೆಗೆ ಮೊನೆ ಮಾಡಿ ಹಿಡಿಯಿರಿ. ತುರುಬಿನ ಹೊರಗಿನ ಸುತ್ತಿನಿಂದ ಒಂದು ಚೂರು ಕೂದಲನ್ನು ಅದರ ಎರಡು ಕಾಲುಗಳ ನಡುವೆ ತೆಗೆದುಕೊಳ್ಳಿ. ಮೊನೆ ನೆತ್ತಿಯ ಚರ್ಮಕ್ಕೆ ಮೆತ್ತಗೆ ತಾಗುವವರೆಗೆ ಇಳಿಸಿ. ಈಗ ಪಿನ್ನನ್ನು ಪೂರ್ತಿ ಹಿಂದಕ್ಕೆ ಮಗುಚಿ, ಮೊನೆ ತುರುಬಿನ ನಡುವಿನ ಕಡೆಗೆ ತಿರುಗಬೇಕು. ಹಾಗೆ ಮಗುಚಿದಾಗ ತಲೆಗೆ ಹತ್ತಿರದ ಕೂದಲೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ತುರುಬಿನ ಕೆಳಗೆ ತಳ್ಳಿ. ಸರಿಯಾಗಿ ಕೂತರೆ ಒಂದು ಸಣ್ಣ ತಡೆ ಕೈಗೆ ಗೊತ್ತಾಗುತ್ತದೆ, ಬಟ್ಟೆಯೊಳಗೆ ಸೂಜಿ ಹೋದ ಹಾಗೆ. ತಡೆಯೇ ಇಲ್ಲದೆ ಸರಕ್ಕನೆ ಹೋದರೆ ಅದು ಏನನ್ನೂ ಹಿಡಿದಿಲ್ಲ, ತೆಗೆದು ಮತ್ತೆ ಹಾಕಿ. ಚುಚ್ಚಿದರೆ ಜಾಗ ತಪ್ಪಿದೆ. ಚುಚ್ಚುವ ಪಿನ್ ಆಮೇಲೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ, ಅದು ಸಂಜೆಯವರೆಗೂ ಚುಚ್ಚುತ್ತಲೇ ಇರುತ್ತದೆ.

ಚಪ್ಪಟೆ ಕಪ್ಪು ಪಿನ್ನಿದೆಯಲ್ಲ, ಬಾಬಿ ಪಿನ್, ಅದರ ಕೆಲಸ ತುರುಬು ಹೊರುವುದಲ್ಲ. ಇಳಿದು ಬೀಳುವ ಗಿಡ್ಡ ಕೂದಲನ್ನು ಹಿಡಿಯುವುದು. ಅಲೆ ಅಲೆಯಾಗಿರುವ ಬದಿ ತಲೆಯ ಕಡೆ ಇರಲಿ, ನೇರ ಬದಿ ಮೇಲೆ. ಬಹಳ ಜನ ಉಲ್ಟಾ ಹಾಕುತ್ತಾರೆ. ಒಂದರ ಮೇಲೊಂದು ಅಡ್ಡಡ್ಡ, ಗುಣಿಸುವ ಚಿಹ್ನೆಯ ಹಾಗೆ ಎರಡು ಹಾಕಿದರೆ ಅಲುಗುವುದಿಲ್ಲ. ಜಾರುವ ಕೂದಲಾದರೆ ಪಿನ್ನುಗಳನ್ನು ಕಾಗದದ ಮೇಲೆ ಹರಡಿ ಹೇರ್ ಸ್ಪ್ರೇ ಹೊಡೆದು, ಒಣಗಿದ ಮೇಲೆ ಬಳಸಿ. ಬರೀ ಲೋಹ ಜಾರುವಷ್ಟು ಇದು ಜಾರುವುದಿಲ್ಲ. ತಲೆ ತೊಳೆದ ಮರುದಿನ ತುರುಬು ಚೆನ್ನಾಗಿ ನಿಲ್ಲುವುದೂ ಇದೇ ಕಾರಣಕ್ಕೆ, ಆಗತಾನೇ ತೊಳೆದ ಕೂದಲು ತುಂಬಾ ನುಣುಪು.

ಈಗ ನಿಮ್ಮ ಉದ್ದಕ್ಕೆ ನಾನು ಮೊದಲು ಹೇಳುವ ಕಟ್ಟು, ಎರಡಂತಸ್ತಿನ ತುರುಬು. ಕಿವಿಯ ಮೇಲ್ತುದಿಯಿಂದ ಕಿವಿಯ ಮೇಲ್ತುದಿಗೆ, ತಲೆಯ ಹಿಂದಿನಿಂದ ಒಂದು ಅಡ್ಡ ಬೈತಲೆ ತೆಗೆಯಿರಿ. ಮೇಲಿನ ಪಾಲನ್ನು ಕ್ಲಿಪ್ ಹಾಕಿ ಎತ್ತಿಡಿ. ಕೆಳಗಿನ ಪಾಲನ್ನು ಕತ್ತಿನಿಂದ ಎರಡು ಬೆರಳು ಮೇಲೆ, ಸಡಿಲವಾಗಿ ಒಂದು ಚಿಕ್ಕ ಜಡೆ ಹಾಕಿ, ಜಡೆಯನ್ನೇ ಸುತ್ತಿ ಚಪ್ಪಟೆ ಗಂಟು ಮಾಡಿ, ಎರಡು ಯು ಪಿನ್ ಹಾಕಿ. ಇದು ನೋಡಲು ಚೆನ್ನಾಗಿರಬೇಕಿಲ್ಲ, ಇದು ಅಡಿಪಾಯ. ಈಗ ಮೇಲಿನ ಪಾಲನ್ನು ಇಳಿಸಿ, ಎಡ ಬಲ ಎರಡು ಭಾಗ ಮಾಡಿ. ಬಲದ ಭಾಗವನ್ನು ಹಗ್ಗದ ಹಾಗೆ ಹೊಸೆದು, ಗಂಟಿನ ಕೆಳಗಿನಿಂದ ಎಡಕ್ಕೆ ತಂದು, ತುದಿಯನ್ನು ಗಂಟಿನ ಅಡಿಗೆ ತೂರಿಸಿ ಪಿನ್ ಮಾಡಿ. ಎಡದ ಭಾಗವನ್ನು ಗಂಟಿನ ಮೇಲಿನಿಂದ ಬಲಕ್ಕೆ ತಂದು ಹಾಗೇ ತೂರಿಸಿ. ಅಡಿಯ ಗಂಟು ಮುಚ್ಚಿಹೋಗುತ್ತದೆ. ಹೊರಗಿನವರಿಗೆ ಕಾಣುವುದು ತುಂಬಿದ ಒಂದೇ ತುರುಬು.

ಇದರಲ್ಲಿ ರಬ್ಬರ್ ಬ್ಯಾಂಡ್ ಎಲ್ಲಾದರೂ ಬಂತಾ? ಜಡೆಯ ತುದಿಗೆ ಒಂದು ಚಿಕ್ಕದು, ಅಷ್ಟೇ. ಬುಡದಲ್ಲಿ ಎಲ್ಲೂ ಇಲ್ಲ. ಮೇಲಿನ ಕೂದಲಿನ ಭಾರ ಅಡಿಯ ಗಂಟಿನ ಮೇಲೆ ಕೂತಿದೆ, ನೆತ್ತಿಯಿಂದ ಜೋತುಬಿದ್ದಿಲ್ಲ. ನಿಮ್ಮ ತಲೆನೋವಿಗೆ ಇದೇ ಮದ್ದು. ಕೂದಲಿನ ಬುಡದ ಚರ್ಮವನ್ನು ಗಂಟೆಗಟ್ಟಲೆ ಎಳೆದು ಹಿಡಿದರೆ ಬರುವ ನೋವನ್ನು ವೈದ್ಯರು ತಲೆನೋವಿನ ಒಂದು ಬಗೆಯಾಗಿಯೇ ಗುರುತಿಸುತ್ತಾರೆ. ಕಟ್ಟು ಬಿಚ್ಚಿದರೆ ಅದು ಇಳಿಯುತ್ತದೆ. ಅದು ನಿಮ್ಮ ಭ್ರಮೆಯಲ್ಲ, ಸಹಿಸಿಕೊಳ್ಳಬೇಕಾದ್ದೂ ಅಲ್ಲ. ಕಟ್ಟಿ ಮುಗಿದ ಮೇಲೆ ಹುಬ್ಬು ಎತ್ತಿ ಇಳಿಸಿ ನೋಡಿ. ಕಣತಲೆಯ ಹತ್ತಿರ ಚರ್ಮ ಸೆಳೆದರೆ ಬಿಗಿ ಜಾಸ್ತಿಯಾಗಿದೆ. ಬೆರಳ ತುದಿಯನ್ನು ಬುಡದಲ್ಲಿಟ್ಟು ಕೂದಲನ್ನು ತಲೆಯ ಕಡೆಗೆ ಒಂದು ಚೂರು ತಳ್ಳಿ, ಸಡಿಲವಾಗುತ್ತದೆ.

ಎರಡನೆಯದು ಅಡ್ಡ ಜಡೆ. ಎಳೆ ದಪ್ಪ ಇರುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನಡುಬೈತಲೆ ತೆಗೆದು ಕಿವಿಯ ಹಿಂದೆ ಎರಡು ಜಡೆ. ಕತ್ತಿಗೆ ಆದಷ್ಟು ಹತ್ತಿರದಿಂದ ಶುರು ಮಾಡಿ. ಎಡದ ಜಡೆಯನ್ನು ಬಲಗಿವಿಯ ಕಡೆಗೆ, ಬಲದ್ದನ್ನು ಎಡಗಿವಿಯ ಕಡೆಗೆ ಕತ್ತಿನ ಮೇಲೆ ಅಡ್ಡ ತಂದು ಪಿನ್ ಮಾಡಿ. ಒಂದರ ತುದಿ ಇನ್ನೊಂದರ ಬುಡದ ಕೆಳಗೆ ಅಡಗಬೇಕು. ನಿಮ್ಮ ಈಗಿನ ಉದ್ದಕ್ಕೆ ತುದಿ ಸರಿಯಾಗಿ ಅಲ್ಲಿಗೇ ಮುಟ್ಟುತ್ತದೆ. ಪಿನ್ ಹಾಕುವ ಮೊದಲು ಜಡೆಯ ಅಂಚುಗಳನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪ ಎಳೆದು ಅಗಲ ಮಾಡಿದರೆ ಇನ್ನೂ ಚೆಂದ. ಇದು ಬಸ್ಸಿಗೆ ಓಡಿದರೂ ಬಿಚ್ಚುವುದಿಲ್ಲ.

ಕತ್ತಿನ ಹತ್ತಿರದ ಗಿಡ್ಡ ಕೂದಲಿಗೂ ಉಪಾಯ ಇಲ್ಲೇ ಇದೆ. ಆ ಕೂದಲು ಮೇಲಿನ ತುರುಬಿಗೆ ಎಟುಕುವುದಿಲ್ಲ, ಎಳೆದರೂ ಎರಡು ನಿಮಿಷದಲ್ಲಿ ಇಳಿಯುತ್ತದೆ. ಅದು ಇರುವ ಜಾಗಕ್ಕೆ ಕಟ್ಟನ್ನೇ ಇಳಿಸಿ. ಅದಕ್ಕೇ ನಾನು ನೆತ್ತಿಯ ಮೇಲಿನ ತುರುಬನ್ನು ನಿಮಗೆ ಹೇಳುತ್ತಿಲ್ಲ. ಇನ್ನೊಂದು ವರ್ಷ ಅದರ ಆಸೆ ಬಿಡಿ. ದಟ್ಟ ಕೂದಲಿನ ಅಷ್ಟೂ ಭಾರ ಬುಡವನ್ನು ಉಲ್ಟಾ ದಿಕ್ಕಿಗೆ ಎಳೆಯುತ್ತದೆ, ಕೆಳಗೆ ಅರ್ಧ ಕೂದಲು ಬಿಚ್ಚಿಕೊಂಡಿರುತ್ತದೆ, ಎರಡು ಕಡೆಯೂ ನಷ್ಟ.

ಲೇಯರ್ ಕಟ್ ಬೆಳೆದು ಮೇಲೆ ಕೆಳಗೆ ಆಗಿದ್ದರೆ ಹಣೆಯ ಪಕ್ಕದಿಂದ ಕಿವಿಯವರೆಗೆ ಫ್ರೆಂಚ್ ಜಡೆ ಹಾಕಿಕೊಂಡು ಬನ್ನಿ. ಪ್ರತಿ ಹೆಣಿಗೆಗೂ ಪಕ್ಕದ ಕೂದಲನ್ನು ಸ್ವಲ್ಪ ಸೇರಿಸುತ್ತಾ ಹೋಗುವುದು, ಅಷ್ಟೇ. ಯಾವ ಎಳೆಯೂ ಕೊನೆಯವರೆಗೆ ತಲುಪಬೇಕಿಲ್ಲ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಸೇರಿಕೊಂಡಿರುತ್ತದೆ. ಗಿಡ್ಡ ಮುಂಗೂದಲು ಕೆನ್ನೆಗೆ ಬೀಳುವವರಿಗೆ ಇದು ದೊಡ್ಡ ಸಹಾಯ.

ಮೂರನೆಯದು ಮಡಿಚಿ ಒಳಗೆ ಸೇರಿಸುವ ಕಟ್ಟು. ಇದು ನನ್ನ ಮೆಚ್ಚಿನದು, ಏಕೆಂದರೆ ಇದು ಭುಜದುದ್ದ ಕೂದಲಿಗೇ ಹೇಳಿ ಮಾಡಿಸಿದ್ದು. ಉದ್ದ ಕೂದಲಿನವರಿಗೆ ತುದಿಯನ್ನು ಎಲ್ಲಿ ಬಚ್ಚಿಡಬೇಕು ಅನ್ನುವುದೇ ಸಮಸ್ಯೆ, ನಿಮಗೆ ಆ ಸಮಸ್ಯೆ ಇಲ್ಲ. ಕತ್ತಿನ ಹತ್ತಿರ ತುಂಬಾ ಸಡಿಲವಾಗಿ ಬ್ಯಾಂಡ್ ಹಾಕಿ. ಬ್ಯಾಂಡಿನ ಮೇಲೆ ಕೂದಲನ್ನು ಬೆರಳಿನಿಂದ ಸೀಳಿ ಕಿಂಡಿ ಮಾಡಿ. ಬಾಲವನ್ನು ಮೇಲಿನಿಂದ ಆ ಕಿಂಡಿಯೊಳಗೆ ತೂರಿಸಿ ಕೆಳಗೆ ಎಳೆಯಿರಿ. ಎರಡು ಬದಿಯಲ್ಲೂ ಒಂದೊಂದು ಹೊಸೆದ ಸುರುಳಿ ಬರುತ್ತದೆ. ಉಳಿದ ಬಾಲವನ್ನು ಮೇಲಕ್ಕೆ ಮಡಿಚಿ ಅದೇ ಕಿಂಡಿಯ ಜೇಬಿನೊಳಗೆ ತುಂಬಿ ಪಿನ್ ಹಾಕಿ. ನಿಮ್ಮಷ್ಟು ದಟ್ಟ ಇದ್ದರೆ ಒಂದೇ ಜೇಬು ಸಾಲದು, ಉಬ್ಬಿಕೊಳ್ಳುತ್ತದೆ. ಎಡಕ್ಕೊಂದು ಬಲಕ್ಕೊಂದು ಎರಡು ಮಾಡಿ, ನಡುವೆ ಪಿನ್ ಹಾಕಿ ಸೇರಿಸಿಬಿಡಿ. ಗೆರೆ ಕಾಣುವುದಿಲ್ಲ.

ದಿನನಿತ್ಯಕ್ಕೆ ಕ್ಲಚ್ ಸಾಕು, ಆದರೆ ದೊಡ್ಡದು ಬೇಕು. ನಾಲ್ಕು ಇಂಚಿಗೆ ಕಡಿಮೆಯಿಲ್ಲದ, ಹಲ್ಲುಗಳು ಉದ್ದವಾಗಿ ಒಳಕ್ಕೆ ಬಾಗಿರುವ ಕ್ಲಚ್. ಕೂದಲನ್ನು ಹೊಸೆದು ತಲೆಗೆ ಒತ್ತಿ ಮೇಲಕ್ಕೆ ತನ್ನಿ, ತುದಿಯನ್ನು ಒಳಗೆ ಮಡಿಚಿ. ಕ್ಲಚ್ಚಿನ ಒಂದು ಸಾಲು ಹಲ್ಲು ಹೊಸೆದ ಕೂದಲಿನ ಕೆಳಗೆ ಹೋಗಿ ತಲೆಗೆ ತಾಗಬೇಕು. ಬರೀ ಮೇಲಿನಿಂದ ಕಚ್ಚಿದರೆ ಜಾರುತ್ತದೆ. ಚಿಕ್ಕ ಕ್ಲಚ್ಚಿಗೆ ಅಷ್ಟೂ ಕೂದಲನ್ನು ತುರುಕಿದರೆ ಸ್ಪ್ರಿಂಗ್ ಮುರಿಯುತ್ತದೆ, ಇಲ್ಲ ಕೂದಲು ತುಂಡಾಗುತ್ತದೆ. ತುರುಬಿನೊಳಗೆ ಇಡುವ ಸ್ಪಂಜಿನ ಬಳೆ, ಅಂದರೆ ಡೋನಟ್, ನಿಮಗೆ ಬೇಡವೇ ಬೇಡ, ಅದು ತೆಳು ಕೂದಲನ್ನು ತುಂಬಿಸಿ ತೋರಿಸಲು.

ಪಾರ್ಲರ್‌ನವರು ಹೇಳಿದ ತೆಳು ಮಾಡುವ ಕತ್ತರಿಯ ವಿಷಯಕ್ಕೆ ಬರುತ್ತೇನೆ. ಹಲ್ಲು ಹಲ್ಲಾಗಿರುವ ಆ ಕತ್ತರಿ ಕೆಲವು ಎಳೆಗಳನ್ನು ನಡುವೆಯೇ ತುಂಡು ಮಾಡಿ, ಕೆಲವನ್ನು ಬಿಡುತ್ತದೆ. ಒಂದೆರಡು ವಾರ ಹಗುರ ಅನ್ನಿಸುತ್ತದೆ, ನಿಜ. ಆಮೇಲೆ ತುಂಡಾದ ಎಳೆಗಳು ಬೆಳೆಯುತ್ತಾ ಉಳಿದ ಕೂದಲನ್ನು ಹೊರಗೆ ನೂಕುತ್ತವೆ. ಎಳೆ ದಪ್ಪ ಇದ್ದರಂತೂ ಮುಳ್ಳಿನ ಹಾಗೆ ನಿಲ್ಲುತ್ತವೆ. ತುರುಬಿನಿಂದ ಇಣುಕುವ ಗಿಡ್ಡ ಕೂದಲು ಇನ್ನಷ್ಟು ಜಾಸ್ತಿಯಾಗುತ್ತದೆ. ನಿಮಗಿರುವ ತೊಂದರೆಯೇ ಅದು, ಅಲ್ವಾ? ಚೆನ್ನಾಗಿ ಕೆಲಸ ಗೊತ್ತಿದ್ದವರ ಕೈಯಲ್ಲಿ ಆ ಕತ್ತರಿಗೂ ಜಾಗವಿದೆ, ಗಿಡ್ಡ ಕಟ್‌ಗಳಲ್ಲಿ. ಬೆಳೆಸುವ ಕೂದಲಿಗೆ ಬೇಡ ಎಂದು ಖಡಾಖಂಡಿತವಾಗಿ ಹೇಳಿ.

ತುದಿ ಮಾತ್ರ ನೇರವಾಗಿ ಕತ್ತರಿಸಿಕೊಳ್ಳಿ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ, ವರ್ಷಕ್ಕೆ ಆರು ಇಂಚು. ಗಲ್ಲದಿಂದ ನೀವು ಬಂದಿರುವ ದೂರವೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ನಿಮ್ಮ ಕೂದಲು ಸರಿಯಾಗಿಯೇ ಬೆಳೆಯುತ್ತಿದೆ. ಮೂರು ತಿಂಗಳಿಗೆ ಒಂದೂವರೆ ಇಂಚು ಬಂದಾಗ ಸೀಳಿದ ತುದಿ ಕಾಲು ಇಂಚು ತೆಗೆದರೂ ಒಂದೂಕಾಲು ಇಂಚು ನಿಮ್ಮದೇ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವ ಮಾತು ಸುಳ್ಳು. ಕೂದಲು ಬೆಳೆಯುವುದು ಬುಡದಲ್ಲಿ, ತುದಿಯಲ್ಲಿ ಏನಾಯಿತು ಅಂತ ಬುಡಕ್ಕೆ ಗೊತ್ತಾಗುವುದಿಲ್ಲ. ಆದರೆ ಸೀಳಿದ ತುದಿಯನ್ನು ಹಾಗೇ ಬಿಟ್ಟರೆ ಸೀಳು ಮೇಲೇರುತ್ತದೆ, ಕೂದಲು ಅಲ್ಲಿ ತುಂಡಾಗುತ್ತದೆ. ಸೀಳಿದ್ದನ್ನು ಮತ್ತೆ ಕೂಡಿಸುವ ಎಣ್ಣೆಯೋ ಕ್ರೀಮೋ ಇಲ್ಲ. ತುದಿ ಸೀಳಿಲ್ಲವೇ? ಹಾಗಾದರೆ ಸುಮ್ನೆ ಕತ್ತರಿಸಬೇಡಿ.

ದಟ್ಟ ಕೂದಲಿನವರು ಮಾಡುವ ಇನ್ನೊಂದು ತಪ್ಪಿದೆ, ಒದ್ದೆ ಕೂದಲಿನಲ್ಲೇ ತುರುಬು ಹಾಕುವುದು. ಒಣಗಲು ಗಂಟೆಗಟ್ಟಲೆ ಬೇಕು, ಹೊತ್ತಾಯಿತು, ಕಟ್ಟಿಬಿಡೋಣ ಅನ್ನಿಸುತ್ತದೆ. ಒದ್ದೆ ಕೂದಲು ಒಣ ಕೂದಲಿಗಿಂತ ಜಾಸ್ತಿ ಹಿಗ್ಗುತ್ತದೆ, ಆದರೆ ಬಲ ಕಡಿಮೆ. ಆಗ ಎಳೆದು ಕಟ್ಟಿದರೆ ಬ್ಯಾಂಡ್ ಕಚ್ಚಿದ ಜಾಗದಲ್ಲಿ ತುಂಡಾಗುತ್ತದೆ. ತುರುಬಿನ ಒಳಗೆ ತೇವವೂ ಉಳಿದು ಸಂಜೆಗೆ ವಾಸನೆ ಬರುತ್ತದೆ. ಹಿಂದಿನ ಸಂಜೆಯೇ ತಲೆ ತೊಳೆದು, ನಾಲ್ಕು ಪಾಲು ಮಾಡಿ ಬುಡದವರೆಗೆ ಒಣಗಿಸಿ. ಮಲಗುವಾಗ ಸಡಿಲವಾದ ಒಂದು ಜಡೆ ಸಾಕು.

ಬ್ಯಾಂಡ್ ಬಟ್ಟೆ ಸುತ್ತಿದ್ದಿರಲಿ, ಲೋಹದ ಕೊಂಡಿ ಇರಬಾರದು. ಬರೀ ರಬ್ಬರಿನದ್ದನ್ನು ತಲೆಯ ಹತ್ತಿರ ತರಬೇಡಿ, ಬಿಚ್ಚುವಾಗ ನಾಲ್ಕು ಕೂದಲು ಕಿತ್ತುಕೊಂಡೇ ಬರುತ್ತದೆ. ತುರುಬಿನ ಜಾಗವನ್ನೂ ಬದಲಿಸುತ್ತಿರಿ. ಇವತ್ತು ಕತ್ತಿನ ನಡುವೆ, ನಾಳೆ ಎಡಕ್ಕೆ, ನಾಡಿದ್ದು ಅಡ್ಡ ಜಡೆ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಎಳೆದರೆ ಹಣೆಯ ಅಂಚಿನಲ್ಲಿ, ಕಣತಲೆಯಲ್ಲಿ ಕೂದಲು ಉದುರಲು ಶುರುವಾಗುತ್ತದೆ. ಆರಂಭದಲ್ಲಿ ಎಳೆಯುವುದನ್ನು ನಿಲ್ಲಿಸಿದರೆ ಮತ್ತೆ ಬರುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಬುಡವೇ ಸತ್ತು ಮತ್ತೆ ಬಾರದೆ ಹೋಗಬಹುದು. ಅಂಚಿನಲ್ಲಿ ಸಣ್ಣ ಗುಳ್ಳೆ, ಮುಟ್ಟಿದರೆ ನೋವು, ತುಂಡು ತುಂಡು ಕೂದಲು ಕಂಡರೆ ಕಟ್ಟುವುದನ್ನು ನಿಲ್ಲಿಸಿ ಚರ್ಮದ ವೈದ್ಯರಿಗೆ ತೋರಿಸಿ. ಸಂಜೆ ತುರುಬು ಬಿಚ್ಚಿದಾಗ ಒಂದಷ್ಟು ಕೂದಲು ಕೈಗೆ ಬಂದರೆ ಮಾತ್ರ ಗಾಬರಿಯಾಗಬೇಡಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಕಟ್ಟಿದಾಗ ಅವು ಒಳಗೇ ಸಿಕ್ಕಿಕೊಂಡಿದ್ದು ಬಿಚ್ಚುವಾಗ ಒಟ್ಟಿಗೆ ಕಾಣುತ್ತವೆ.

ಇನ್ನು ನಿಮ್ಮ ಸಮಾರಂಭ. ಇಡೀ ದಿನ ಓಡಾಟ ಅಂದಿದ್ದೀರಿ, ಎರಡಂತಸ್ತಿನ ತುರುಬನ್ನೇ ಹಾಕಿ. ಎಳೆ ದಪ್ಪ ಇದ್ದರೆ ಮೇಲಿನ ಎರಡು ಭಾಗಗಳನ್ನು ಹೊಸೆಯುವ ಬದಲು ಜಡೆ ಹಾಕಿ ಸುತ್ತಿ. ಅದಕ್ಕೆ ಮೊದಲು ಬಿಡುವಿನ ದಿನಗಳಲ್ಲಿ ಮೂರು ನಾಲ್ಕು ಸಲ ಅಭ್ಯಾಸ ಮಾಡಿ. ಮುಂದೊಂದು ಹಿಂದೊಂದು ಕನ್ನಡಿ ಇಟ್ಟುಕೊಳ್ಳಿ. ಮೊದಲ ಸಲ ಅರ್ಧ ಗಂಟೆ ಹಿಡಿಯುತ್ತದೆ, ಕೈ ಸೋಲುತ್ತದೆ. ನಡುವೆ ಕೈ ಇಳಿಸಿ ಸುಧಾರಿಸಿಕೊಳ್ಳಿ, ಅಡಿಯ ಗಂಟಿಗೆ ಪಿನ್ ಬಿದ್ದಿದ್ದರೆ ಅದೇನೂ ಓಡಿಹೋಗುವುದಿಲ್ಲ. ಅಭ್ಯಾಸದ ದಿನ ಕಟ್ಟಿದ್ದನ್ನು ತಕ್ಷಣ ಬಿಚ್ಚಬೇಡಿ. ಮನೆಗೆಲಸ ಮಾಡಿ, ಬಗ್ಗಿ, ಎದ್ದು, ಮೂರು ಗಂಟೆ ಬಿಟ್ಟು ಕನ್ನಡಿಯಲ್ಲಿ ನೋಡಿ. ಯಾವ ಕಡೆ ಇಳಿದಿದೆಯೋ ಆ ಕಡೆಯ ಪಿನ್ ತಲೆಯ ಕೂದಲನ್ನು ಹಿಡಿದಿಲ್ಲ. ಆ ಒಂದನ್ನು ತೆಗೆದು ಮಗುಚಿ ಹಾಕಿ. ಸಮಾರಂಭದ ದಿನ ನಾಲ್ಕು ಯು ಪಿನ್ನನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ. ರಾತ್ರಿ ಬಿಚ್ಚುವಾಗ ಮೊದಲು ಮೇಲಿನ ಸುತ್ತಿನ ಪಿನ್, ಆಮೇಲೆ ಅಡಿಯದ್ದು. ಎಷ್ಟು ಪಿನ್ ಹಾಕಿದ್ದಿರೋ ಎಣಿಸಿ ಅಷ್ಟನ್ನೂ ತೆಗೆಯಿರಿ, ದಟ್ಟ ಕೂದಲಿನಲ್ಲಿ ಒಂದು ಉಳಿದರೂ ಗೊತ್ತಾಗುವುದು ದಿಂಬಿಗೆ ತಲೆ ಇಟ್ಟ ಮೇಲೆಯೇ. ಕೊನೆಗೆ ಬೆರಳಿನಿಂದ ಬುಡವನ್ನು ಎರಡು ನಿಮಿಷ ಮೆತ್ತಗೆ ತಿಕ್ಕಿ, ತುದಿಯಿಂದ ಮೇಲಕ್ಕೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ ಮಲಗಿ.